ಮಘೆಯ ಮಳೆಯೂ ಜಾರುವ ಪಂಚಾಂಗವೂ

‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಎಂಬ ಹಿರಿಯರ ನುಡಿಯನ್ನು ಕೇಳದ ರೈತನು ಕನ್ನಡನಾಡಿನಲ್ಲಿ ವಿರಳ. (ಎರಡನೆಯ ಮಾತಿನ ಪರೀಕ್ಷೆಯನ್ನು ನಾವು ತಾಯಂದಿರಿಗೇ ಬಿಡುವೆವು.) ಮೊದಲನೆಯದರ ಕಾರಣವು ಶಹಾಪುರ ಸೀಮೆಯ ಎರೆನೆಲದಲ್ಲಿ ಸ್ಪಷ್ಟವಾಗಿ ಕಾಣುವುದು. ನಾರಾಯಣಪುರದ ಕಾಲುವೆ ತಲುಪದ ಹೊಲಗಳಲ್ಲಿ ಹಿಂಗಾರಿ ಜೋಳವು ಬಹುಮಟ್ಟಿಗೆ ಬದುಕುವುದು, ಬಿತ್ತನೆಗೆ ಮುನ್ನ ಆ ಜಿಗುಟುಮಣ್ಣು ಹೀರಿ ಹಿಡಿದಿಟ್ಟ ತೇವದಿಂದಲೇ.

ಆದರೆ ಮಘೆಯೆಂದರೇನು? ಅದು ಮೋಡದ ಹೆಸರಲ್ಲ. ಸೂರ್ಯನು ಮಘಾ ನಕ್ಷತ್ರದ ಭಾಗದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಹೆಸರು. ಈಗ ಅದು ಆಗಸ್ಟ್ 17ರ ಸುಮಾರಿಗೆ ಮೊದಲಾಗುತ್ತದೆ. ನಕ್ಷತ್ರಗಳಿಂದ ಎಣಿಸಿದ ವರ್ಷವು ಋತುಗಳಿಂದ ಎಣಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲುವುದೇ ಇದಕ್ಕೆ ಕಾರಣ. 72 ವರ್ಷಗಳಿಗೆ ಒಂದು ದಿನ! ತಂದೆಯು ಮಗನಿಗೆ ನುಡಿಯನ್ನು ಒಪ್ಪಿಸುವಾಗ ಈ ಜಾರಿಕೆ ಯಾರ ಕಣ್ಣಿಗೂ ಬೀಳದು. ಮಾನ್ಸೂನ್ ಮಾರುತವಾದರೋ ಋತುವನ್ನು ಅನುಸರಿಸುವುದೇ ಹೊರತು ನಕ್ಷತ್ರವನ್ನಲ್ಲ. ಮಳೆಯ ಹೆಸರನ್ನು ನಂಬಿ ಬಿತ್ತುವವನಿಗೆ ಇದು ಸಣ್ಣ ಮಾತಲ್ಲ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಘೆಯು, ಇಂದಿನ ಕ್ಯಾಲೆಂಡರಿನ ಲೆಕ್ಕದಂತೆ, ಆಗಸ್ಟ್ ಮೊದಲ ವಾರದಲ್ಲೇ ಹುಟ್ಟುತ್ತಿತ್ತು. ನುಡಿಯು ಅಷ್ಟು ಹಳೆಯದಾಗಿದ್ದರೆ ಅದು ಹೊಗಳಿದ ಮಳೆ ಇಂದಿನ ಆಶ್ಲೇಷೆಯದು. ಇನ್ನು 950 ವರ್ಷ ಕಳೆದರೆ, ನಾವು ಈಗ ಹುಬ್ಬೆಯೆನ್ನುವ ಮಳೆಯೇ ಮಘೆಯೆನಿಸಿಕೊಳ್ಳುವುದು.