ಟೆಂಟ್ ಹೊರಗೆ ಒಂದು ಒಲೆ: ಕ್ಯಾಂಪಿಂಗ್‌ಗೆ ಹೋದಾಗ ನಾಲ್ಕು ಜನಕ್ಕೆ ಸುಲಭದ ಅಡುಗೆ

ಡಿಸೆಂಬರ್ ಬಂತು ಅಂದ್ರೆ ಪುಣೆ, ಮುಂಬೈ ಕಡೆ ಇರೋ ನಮ್ಮವರ ಗುಂಪುಗಳಲ್ಲಿ ಒಂದೇ ಮಾತು: "ಈ ಶನಿವಾರ ಪವನಾ ಕೆರೆ ಹತ್ರ ಟೆಂಟ್ ಹಾಕೋಣ್ವಾ?" ಲೋಣಾವಳ ದಾಟಿ ಹೋದ್ರೆ ಪವನಾ ಅಣೆಕಟ್ಟಿನ ಹಿನ್ನೀರು, ಸುತ್ತ ಲೋಹಗಡ, ತುಂಗ್, ತಿಕೋನಾ ಕೋಟೆಗಳು, ರಾತ್ರಿ ಒಳ್ಳೆ ಚಳಿ. ಜಾಗ ಚೆನ್ನಾಗಿದೆ. ಆದ್ರೆ ಊಟದ ಪ್ರಶ್ನೆ ಬಂದಾಗ ಮನೆಯಲ್ಲಿ ಒಬ್ಬರು ಬೆಳಗ್ಗೆ 4 ಗಂಟೆಗೆ ಎದ್ದು ಡಬ್ಬಿ ತುಂಬೋಕೆ ಶುರು ಮಾಡ್ತಾರೆ. ಅಲ್ಲಿಗೆ ಹೋಗೋ ಹೊತ್ತಿಗೆ ಅವರಿಗೆ ಸುಸ್ತು. ಇವತ್ತು ಅದನ್ನ ತಪ್ಪಿಸೋದು ಹೇಗೆ ಅಂತ ಮಾತಾಡೋಣ.

ಮೊದಲು ನಮ್ಮ ಎಡವಟ್ಟು ಹೇಳಿಬಿಡ್ತೀನಿ

ನಾವು ಮೊದಲ ಸಲ ಹೋದಾಗ ನಾನು ಬೆಳಗಿನ ಜಾವ ತರಕಾರಿ ಪಲಾವ್ ಮಾಡಿ, ಬಿಸಿಬಿಸಿ ಇದ್ದಾಗಲೇ ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ಕಾರಿನ ಡಿಕ್ಕಿಯಲ್ಲಿ ಇಟ್ಟೆ. ದಾರಿಯಲ್ಲಿ ಟ್ರಾಫಿಕ್. ಊಟ ಮಾಡಿದ್ದು ಮಧ್ಯಾಹ್ನ 3 ಗಂಟೆಗೆ. ವಾಸನೆ ಇಲ್ಲ, ಹಳಸಿಲ್ಲ, ರುಚಿನೂ ಚೆನ್ನಾಗೇ ಇತ್ತು. ಸಂಜೆ ಹೊತ್ತಿಗೆ ಚಿಕ್ಕವಳಿಗೆ ವಾಂತಿ ಶುರುವಾಯ್ತು. ಕತ್ತಲಲ್ಲಿ ಘಟ್ಟದ ದಾರಿಯಲ್ಲಿ ಮಗುವನ್ನ ತೊಡೆ ಮೇಲೆ ಹಾಕ್ಕೊಂಡು ಡಾಕ್ಟರ್ ಹುಡುಕ್ಕೊಂಡು ಹೋದ ಆ ರಾತ್ರಿ ಇನ್ನೂ ಮರೆತಿಲ್ಲ. ಬೆಳಗ್ಗೆ ಅವಳು ಆಟ ಆಡ್ತಾ ಇದ್ಲು, ಪುಣ್ಯ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಅನ್ನ ಯಾವಾಗ ಮಾಡಿದ್ದು?"

ವಿಷಯ ಏನಂದ್ರೆ, ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೇಯಿಸಿದರೂ ಅವು ಸಾಯಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಬಿಡ್ತವೆ. ಆ ವಿಷ ಎಂಥದ್ದು ಅಂದ್ರೆ, ಮತ್ತೆ ಬಿಸಿ ಮಾಡಿದರೂ ಹೋಗಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಒತ್ತಿ ತುಂಬಿದ ಡಬ್ಬಿ: ನಾನೇ ಕೈಯಾರೆ ಆ ಹಬ್ಬ ಮಾಡಿಕೊಟ್ಟಿದ್ದೆ.

ಹಾಗಾಗಿ ಈಗ ನಮ್ಮನೆ ನಿಯಮ ಒಂದೇ. ಬೇಯಿಸಿದ ಒದ್ದೆ ಅಡುಗೆ ಒಯ್ಯಲ್ಲ. ಒಣಗಿದ್ದನ್ನ ಒಯ್ತೀವಿ, ಇಲ್ಲಾ ಅಲ್ಲೇ ಬೇಯಿಸ್ತೀವಿ. ಬೇಯಿಸಿದ್ದನ್ನ 2 ಗಂಟೆ ಒಳಗೆ ತಿಂದು ಮುಗಿಸ್ತೀವಿ. ಪುಳಿಯೋಗರೆ ಬೇಕಾ? ಗೊಜ್ಜು ಮಾತ್ರ ತಗೊಳ್ಳಿ, ಅನ್ನ ಅಲ್ಲೇ ಮಾಡಿ ಕಲಸಿ.

ಮಧ್ಯಾಹ್ನ: ಒಲೆನೇ ಬೇಡ

ನಾನು ವಿಜಯಪುರ ಕಡೆಯವಳು, ಮನೆಯವರು ಮೈಸೂರಿನವರು. ಮಧ್ಯಾಹ್ನದ ಊಟ ನಮ್ಮ ಕಡೆಯದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಸೌತೆಕಾಯಿ, ಹಸಿ ಈರುಳ್ಳಿ, ಮೊಸರು. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ಇರೋದೇ ಇಲ್ಲ ಅನ್ನೋಷ್ಟು ಕಡಿಮೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲ್ಲ. ಅದಕ್ಕೇ ವಾರಗಟ್ಟಲೆ ಇಟ್ಟರೂ ಏನೂ ಆಗಲ್ಲ. ತೇವ ತಾಕದ ಹಾಗೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಅಷ್ಟೇ.

ಸಂಜೆ: ಗೊಜ್ಜವಲಕ್ಕಿ

ಇದು ಮೈಸೂರಿನ ಪಾಲು. ಗಟ್ಟಿ ಅವಲಕ್ಕಿಯನ್ನ ಮನೆಯಲ್ಲೇ ಮಿಕ್ಸಿಯಲ್ಲಿ ತರಿತರಿ ಮಾಡ್ಕೊಳ್ಳಿ. ಸಾರಿನ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ಒಂದು ಪೊಟ್ಟಣ. ಗಟ್ಟಿ ಹುಣಸೆರಸ ಸಣ್ಣ ಬಾಟಲಿಯಲ್ಲಿ. ಅಲ್ಲಿ ಹುಣಸೆ ನೀರಿಗೆ ಪೊಟ್ಟಣ ಕದಡಿ, ಅವಲಕ್ಕಿ ಹಾಕಿ 15 ನಿಮಿಷ ಮುಚ್ಚಿಡಿ. ಮೇಲೆ ಕಡಲೆಕಾಯಿ ಒಗ್ಗರಣೆ. ಒಗ್ಗರಣೆಗೆ ಬೇಕಾದ ಉರಿ ಮೂರು ನಿಮಿಷದ್ದು.

ರಾತ್ರಿ: ಒಂದೇ ಕುಕ್ಕರ್, ಒಂದೇ ಅಡುಗೆ

ತೆರೆದ ಪಾತ್ರೆ ಇಟ್ಟರೆ ಕೆರೆ ದಂಡೆಯ ಗಾಳಿಗೆ ಅರ್ಧ ಶಾಖ ಹಾರಿ ಹೋಗತ್ತೆ. ಅದಕ್ಕೆ 5 ಲೀಟರ್ ಕುಕ್ಕರ್ ತಗೊಂಡು ಹೋಗಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಒಂದೂವರೆ ಲೋಟ ಅಕ್ಕಿ, ಒಂದು ಲೋಟ ಹುರಿದ ಹೆಸರುಬೇಳೆ. ಎರಡನ್ನೂ ಮನೆಯಲ್ಲೇ ಒಂದೇ ಚೀಲಕ್ಕೆ ಹಾಕಿ. ಮೆಣಸು, ಜೀರಿಗೆ, ಅರಿಶಿನ, ಉಪ್ಪು ಇನ್ನೊಂದು ಪೊಟ್ಟಣ. ಅಲ್ಲಿ ತೊಳೆದು, 9 ಲೋಟ ನೀರು ಹಾಕಿ, ಕ್ಯಾರೆಟ್, ಬಟಾಣಿ ಸೇರಿಸಿ 4 ವಿಷಲ್ ಕೂಗಿಸಿ. ಬೇಳೆ ನೊರೆ ಉಕ್ಕತ್ತೆ, ಆದ್ದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮೇಲೆ ತುಪ್ಪ. ಪೊಂಗಲ್ ಅನ್ನಿ, ಕಿಚಡಿ ಅನ್ನಿ, ಚಳಿಯಲ್ಲಿ ಎರಡನೇ ಸಲ ಬಡಿಸ್ಕೊಳ್ಳದೇ ಇರೋರು ಇಲ್ಲ.

ಕ್ಯಾಂಪಿನವರು ಬೆಂಕಿ ಹಾಕಿಕೊಟ್ಟಿದ್ರೆ ಗೆಣಸು ಬಿಡಬೇಡಿ. ಉರಿಯಲ್ಲಿ ಇಟ್ಟರೆ ಹೊರಗೆ ಕರಕು, ಒಳಗೆ ಹಸಿ. ಉರಿ ಆರಿ ಕೆಂಡ ಆದ ಮೇಲೆ ಬೂದಿ ಮುಚ್ಚಿ ಇಡಿ. ಸಣ್ಣ ಗೆಣಸಿಗೆ ಮುಕ್ಕಾಲು ಗಂಟೆ ಸಾಕು.

ಬೆಳಗ್ಗೆ: ಉಪ್ಪಿಟ್ಟು

ಎರಡು ಲೋಟ ರವೆ ಮನೆಯಲ್ಲೇ ಹುರಿದಿಟ್ಕೊಳ್ಳಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು ಗರಿಗರಿ ಆಗೋವರೆಗೆ ಒಗ್ಗರಣೆ ಹಾಕಿ, ರವೆಗೆ ಉಪ್ಪು ಸಮೇತ ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿ ಮುಚ್ಚಿ. ಬಿಸಿ ಇದ್ದಾಗ ಮುಚ್ಚಿದ್ರೆ ಬೆವರು ಕಟ್ಟತ್ತೆ. ಅಲ್ಲಿ 5 ಲೋಟ ನೀರು ಕುದಿಸಿ ಸುರಿದು ಕಲಸಿದ್ರೆ 5 ನಿಮಿಷದಲ್ಲಿ ತಿಂಡಿ. ಫಿಲ್ಟರ್ ಡಿಕಾಕ್ಷನ್ ಬಾಟಲಿಯಲ್ಲಿ, ಹಾಲಿನ ಪುಡಿ ಡಬ್ಬಿಯಲ್ಲಿ. ಕೆರೆ ಮೇಲಿನ ಮಂಜು ನೋಡ್ತಾ ಕಾಫಿ, ಆಮೇಲೆ ಮಾತಾಡಿ.

ಒಲೆ, ನೀರು, ಎಚ್ಚರಿಕೆ

ಸಣ್ಣ ಬ್ಯೂಟೇನ್ ಕ್ಯಾನಿನ ಒಲೆ ಸಾಕು. 220 ಗ್ರಾಂ ಆಸುಪಾಸಿನ ಒಂದು ಕ್ಯಾನು ಜೋರು ಉರಿಯಲ್ಲಿ ಸುಮಾರು ಒಂದೂವರೆ ಗಂಟೆ ಬರತ್ತೆ. ಚಳಿಗೆ ಉರಿ ಸ್ವಲ್ಪ ಮೆತ್ತಗಾಗತ್ತೆ, ಹಾಗಾಗಿ ಒಂದು ಹೆಚ್ಚಿಗೆ ಇರಲಿ. ಗಾಳಿಗೆ ಅಡ್ಡ ಇಡಿ, ಆದ್ರೆ ಕ್ಯಾನು ಸುತ್ತ ಮುಚ್ಚಬೇಡಿ, ಅದು ಕಾಯಬಾರದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ. ರೈಲಲ್ಲಿ ಹೋಗೋರು ನೆನಪಿಡಿ: ಗ್ಯಾಸ್ ಒಯ್ಯೋ ಹಾಗಿಲ್ಲ.

ಈಗ ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಎಷ್ಟೇ ಚಳಿ ಇದ್ರೂ ಟೆಂಟ್ ಒಳಗೆ ಒಲೆ ಹಚ್ಚಬೇಡಿ, ಕೆಂಡದ ಸಿಗಡಿ ಇಟ್ಕೊಂಡು ಮಲಗಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರ ಆಗೋದೇ ಇಲ್ಲ. ಇನ್ನೊಂದು ಕಂಬಳಿ ತಗೊಂಡು ಹೋಗಿ.

ನೀರು ನಾಲ್ಕು ಜನಕ್ಕೆ 20 ಲೀಟರಿನ ಒಂದು ಕ್ಯಾನ್. ಕೆರೆ ನೀರು ಅಡುಗೆಗೆ ಬೇಡ. ಅಡುಗೆ ಮಾಡ್ಕೊಳ್ಳೋಕೆ ಬಿಡ್ತಾರಾ ಅಂತ ಕ್ಯಾಂಪಿನವರನ್ನ ಬುಕಿಂಗ್ ಮಾಡೋವಾಗಲೇ ಕೇಳಿ. ಚಳಿಗಾಲದಲ್ಲಿ ಅಲ್ಲಿನ ಹುಲ್ಲು ಒಣಗಿರತ್ತೆ, ಒಂದು ಕಿಡಿ ಸಾಕು. ಕೆಂಡಕ್ಕೆ ನೀರು ಹಾಕಿ, ಕೈ ಹತ್ರ ಒಯ್ದು ಶಾಖ ಇಲ್ಲ ಅಂತ ನೋಡಿದ ಮೇಲೇ ಮಲಗಿ. ಕಸ ನಿಮ್ಮ ಜೊತೆ ವಾಪಸ್ ಬರಲಿ.

ಇದೇನು ಹೊಸದಲ್ಲ

ನಮ್ಮ ಕಡೆ ಇದೇ ಚಳಿಯಲ್ಲಿ ಎಳ್ಳಮಾವಾಸ್ಯೆ ಬರತ್ತೆ. ಸಜ್ಜಿ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ ಬುತ್ತಿ ಕಟ್ಕೊಂಡು ಇಡೀ ಮನೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಊಟ. ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಂದಿದ್ದು ನೆನಪಿದೆಯಾ? ಅದನ್ನೇ ಪುಣೆ ಸುತ್ತಮುತ್ತ ಹುರ್ಡಾ ಅಂತಾರೆ, ದಾರಿಯಲ್ಲಿ ಸಿಕ್ಕರೆ ಬಿಡಬೇಡಿ. ನನ್ನ ಮಕ್ಕಳು ಹೊಲ ನೋಡಿಲ್ಲ. ಆದ್ರೆ ಹೋದ ವರ್ಷ ಚಿಕ್ಕವಳು, ಅದೇ ಆ ರಾತ್ರಿ ವಾಂತಿ ಮಾಡ್ಕೊಂಡಿದ್ದವಳು, ಟಾರ್ಚ್ ಹಿಡಿದು ನಿಂತು ಒಗ್ಗರಣೆಯಲ್ಲಿ ಸಾಸಿವೆ ಸಿಡಿಯೋವರೆಗೆ ಕಾದು, "ಅಮ್ಮಾ, ಈಗ ಹಾಕು" ಅಂದ್ಲು. ಅವರಪ್ಪ ಕುಕ್ಕರ್ ವಿಷಲ್ ಎಣಿಸ್ತಾ ಕೂತಿದ್ರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

ಈ ಪಟ್ಟಿ ಬರೆದಿಟ್ಕೊಳ್ಳಿ, ಶುಕ್ರವಾರ ರಾತ್ರಿ ಒಂದು ಗಂಟೆ ಕೂತು ಪೊಟ್ಟಣ ಕಟ್ಟಿ, ಶನಿವಾರ ಆರಾಮಾಗಿ ಹೊರಡಿ. ನಿಮ್ಮ ಮನೆ ಬುತ್ತಿಯಲ್ಲಿ ಏನಿರತ್ತೆ ಅಂತ ನಮಗೂ ಹೇಳಿ.