ಬೈರೂತ್‌ನಿಂದ ಹೊರಟ ಚಿತ್ರಗಳು

2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ಗೆ ಹೋದವರು ಲೆಬನಾನಿನ ಸಲ್ವಾ ರೌದಾ ಶುಕೇರ್ ಅವರ ಅಮೂರ್ತ ಚಿತ್ರವೊಂದರ ಮುಂದೆ ತಡೆದು ನಿಲ್ಲುತ್ತಿದ್ದರು. ಕ್ಯಾನ್ವಾಸಿನಲ್ಲಿ ತೂತುಗಳು, ಬಣ್ಣದೊಳಗೆ ನಾಟಿದ ಗಾಜಿನ ಚೂರುಗಳು. ಅಂತರ್ಯುದ್ಧದ ದಿನಗಳಲ್ಲಿ ಬೈರೂತ್‌ನ ಅವರ ಮನೆ ಬಳಿ ಸಿಡಿದ ಬಾಂಬಿನ ಗುರುತು ಅದು. 1947ರಲ್ಲೇ ತವರಿನಲ್ಲಿ ಚಿತ್ರ ಪ್ರದರ್ಶಿಸಿದ್ದ ಕಲಾವಿದೆಗೆ ಲಂಡನ್ನಿನ ಈ ಮನ್ನಣೆ ಸಿಕ್ಕಾಗ ತೊಂಬತ್ತು ದಾಟಿತ್ತು.

ಲೆಬನಾನಿನ ಕಲೆಗೆ ಹೊರದೇಶದ ಬಾಗಿಲು ತೆರೆಸಿದವರು ಕಲಾವಿದರೇ. 1975ರಿಂದ 1990ರವರೆಗೆ ನಡೆದ ಆ ಅಂತರ್ಯುದ್ಧದ ಬಹುಪಾಲು ಅಪರಾಧಗಳನ್ನು 1991ರ ಕ್ಷಮಾದಾನ ಕಾನೂನು ಮನ್ನಾ ಮಾಡಿತು. ಸರ್ಕಾರ ಮರೆಯಲು ಹೊರಟಿದ್ದನ್ನು ನೆನಪಿಡುವ ಕೆಲಸ ಕಲೆಯ ಹೆಗಲಿಗೆ ಬಿತ್ತು. 1993ರಲ್ಲಿ ಕ್ರಿಸ್ಟೀನ್ ತೊಹ್ಮೆ ಮತ್ತು ಸಂಗಡಿಗರು ‘ಅಶ್ಕಾಲ್ ಅಲ್ವಾನ್’ ಸಂಸ್ಥೆ ಕಟ್ಟಿ ಕಲೆಯನ್ನು ಬೈರೂತ್‌ನ ಉದ್ಯಾನಕ್ಕೆ, ಕಡಲದಂಡೆಗೆ, ಹಮ್ರಾ ಬೀದಿಗೆ ತಂದರು. 1997ರಲ್ಲಿ ಹುಟ್ಟಿದ ಅರಬ್ ಇಮೇಜ್ ಫೌಂಡೇಶನ್‌ಗಾಗಿ ಅಕ್ರಂ ಝತಾರಿ ಮೊದಲಾದವರು ಸ್ಟುಡಿಯೊಗಳಲ್ಲೂ ಮನೆಗಳಲ್ಲೂ ಧೂಳು ಹಿಡಿದಿದ್ದ ಹಳೆಯ ಫೋಟೊ, ನೆಗೆಟಿವ್‌ಗಳನ್ನು ಕಲೆಹಾಕಿದರು.

2002 ತಿರುವಿನ ವರ್ಷ. ಅಶ್ಕಾಲ್ ಅಲ್ವಾನ್ ‘ಹೋಮ್ ವರ್ಕ್ಸ್’ ಎಂಬ ಕಲಾಕೂಟ ಆರಂಭಿಸಿತು. ಹೊರಗಿನ ಕ್ಯುರೇಟರ್‌ಗಳು ಬೈರೂತ್‌ಗೇ ಬಂದು ನೋಡತೊಡಗಿದರು. ಅದೇ ವರ್ಷ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ಕಲಾವಿದ ವಲೀದ್ ರಾದ್ ಅವರ ‘ಅಟ್ಲಾಸ್ ಗ್ರೂಪ್’ ಎಂಬ ಯೋಜನೆ ಕಾಣಿಸಿತು. ಅದರ ಒಂದು ಕೃತಿ, ಬೈರೂತ್‌ನ ಕಾರ್ ಬಾಂಬ್‌ಗಳಿಗೆ ಬಳಕೆಯಾದ ಕಾರುಗಳ ಮಾದರಿ, ಬಣ್ಣಕ್ಕೆ ಹೊಂದುವ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ನೋಟ್‌ಬುಕ್. ಅದನ್ನು ಬರೆದಿಟ್ಟರೆನ್ನುವ ಇತಿಹಾಸಕಾರ ಡಾ. ಫದ್ಲ್ ಫಖೂರಿ ಮಾತ್ರ ಕಲ್ಪಿತ ವ್ಯಕ್ತಿ. ದಾಖಲೆಯನ್ನು ಎಷ್ಟು ನಂಬಬೇಕು ಎಂಬ ಈ ಪ್ರಶ್ನೆ ಯಾವ ದೇಶದವರಿಗೂ ತಟ್ಟುವಂಥದ್ದು.

ಸಿನಿಮಾದ ಹಾದಿಗೆ ಫ್ರಾನ್ಸಿನ ಸಹನಿರ್ಮಾಣ ನೆರವಾಯಿತು. ಝಿಯಾದ್ ದುಐರಿಯ ‘ವೆಸ್ಟ್ ಬೈರೂತ್’ 1998ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ನದೀನ್ ಲಬಾಕಿಯ ‘ಕ್ಯಾರಮೆಲ್’ 2007ರಲ್ಲಿ ಬ್ಯೂಟಿ ಪಾರ್ಲರ್‌ನ ಹೆಂಗಸರ ಕಥೆ ಹೇಳಿ, ಯುದ್ಧವಿಲ್ಲದ ಲೆಬನಾನನ್ನೂ ತೋರಿಸಿತು. ಅವರದೇ ‘ಕ್ಯಾಪರ್ನೌಮ್’ಗೆ 2018ರಲ್ಲಿ ಕಾನ್‌ನ ಜ್ಯೂರಿ ಪ್ರಶಸ್ತಿ ಬಂತು. ಅದರ ಪುಟ್ಟ ನಾಯಕನ ಪಾತ್ರ ಮಾಡಿದವನು ನಿಜಜೀವನದಲ್ಲಿ ಸಿರಿಯಾದ ನಿರಾಶ್ರಿತ ಬಾಲಕನಾಗಿದ್ದ.

2020ರ ಆಗಸ್ಟ್ 4ರ ಬಂದರು ಸ್ಫೋಟ ಬೈರೂತ್‌ನ ಗ್ಯಾಲರಿಗಳನ್ನೂ ಸುರ್ಸೊಕ್ ಮ್ಯೂಸಿಯಂ ಅನ್ನೂ ಜರ್ಜರಿತಗೊಳಿಸಿತು. ಮ್ಯೂಸಿಯಂ ಮತ್ತೆ ತೆರೆದದ್ದು 2023ರಲ್ಲಿ, ಹೊರದೇಶಗಳ ನೆರವಿನಿಂದ. ಲೆಬನಾನಿನ ಕಲೆಯನ್ನು ಮೆಚ್ಚುವ ದೇಶಗಳ ಹೊಣೆ ಇಂಥ ನೆರವಿನಲ್ಲಿದೆ. ಕೃತಿಗಳಿಗೆ ತಮ್ಮ ಗೋಡೆಯಲ್ಲಿ ಜಾಗ ಕೊಟ್ಟರಷ್ಟೇ ಸಾಲದು. ಅವು ಹುಟ್ಟುವ ಊರಿನ ಸಂಸ್ಥೆಗಳೂ ಉಳಿಯಬೇಕು.