ದಾರಿಯ ಲೆಕ್ಕ ಕಲಿಯಬೇಕೆ?



ಹೊಸೂರು ಬಸ್ ನಿಲ್ದಾಣದಲ್ಲಿ ನಿಂತು “ಅಯ್ಯೋ, ಬಸ್ಸು ಇನ್ನೂ ಬಂದಿಲ್ವಲ್ಲಾ!” ಎಂದು ಗೊಣಗಿದ್ದೀರಾ? ಬಸ್ಸು ಯಾಕೆ ತಡವಾಗುತ್ತದೆ, ಸಿಗ್ನಲ್ ಎಷ್ಟು ಸೆಕೆಂಡು ಹಸಿರಾಗಿರಬೇಕು, ಶಾಲೆಗೆ ಎಷ್ಟು ಮೊದಲೇ ಎಚ್ಚರಿಕೆ ಫಲಕ ನೆಡಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಹೇಳುವ ಓದು ಒಂದಿದೆ. ಅದೇ ಸಾರಿಗೆ ಎಂಜಿನಿಯರಿಂಗ್.

ಒಂದು ಲೆಕ್ಕ ನೋಡಿ. ಗಂಟೆಗೆ 40 ಕಿ.ಮೀ. ವೇಗದ ಲಾರಿ ಬ್ರೇಕ್ ಹಿಡಿದ ಮೇಲೂ ಸ್ವಲ್ಪ ದೂರ ಸಾಗಿ ನಿಲ್ಲುತ್ತದೆ. ಅದೇ ಲಾರಿ 80 ಕಿ.ಮೀ. ವೇಗದಲ್ಲಿದ್ದರೆ? ಎರಡರಷ್ಟು ದೂರ ಅಂತೀರಾ? ಅಲ್ಲ, ನಾಲ್ಕರಷ್ಟು! ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಅಷ್ಟನ್ನೂ ಬ್ರೇಕು ಕಳೆಯಬೇಕು. ಹೊಸೂರು, ಕೃಷ್ಣಗಿರಿ ಮೂಲಕ ಸಾಗುವ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ದಾಟುವವರ ಜೀವ ಈ ಲೆಕ್ಕದ ಮೇಲೆ ನಿಂತಿದೆ.

ಇದನ್ನು ಓದಲು ಏನು ಬೇಕು? ಹತ್ತನೇ ತರಗತಿ ಮುಗಿದಾಗ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರವಿರುವ ಗ್ರೂಪ್ ತೆಗೆದುಕೊಳ್ಳಿ. “ಗಣಿತ ಕಷ್ಟ ಸಾರ್” ಎಂದು ಅಲ್ಲೇ ಬಿಟ್ಟರೆ ಮುಂದೆ ಈ ದಾರಿಗೆ ಬರುವುದು ಬಹಳ ಕಷ್ಟ. ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ ಪ್ಲಸ್ ಟೂ ಅಂಕಗಳೇ ಆಧಾರ: ಗಣಿತಕ್ಕೆ 100, ಉಳಿದೆರಡಕ್ಕೆ ತಲಾ 50, ಒಟ್ಟು 200. ಆಮೇಲೆ ನಾಲ್ಕು ವರ್ಷ ಸಿವಿಲ್ ಬಿ.ಇ. ಹತ್ತನೆಯ ನಂತರ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ನೇರವಾಗಿ ಬಿ.ಇ. ಎರಡನೇ ವರ್ಷಕ್ಕೂ ಸೇರಬಹುದು. ಬಳಿಕ ‘ಗೇಟ್’ ಪರೀಕ್ಷೆ ಬರೆದು ಮದ್ರಾಸ್ ಐಐಟಿಯಂಥ ಕಡೆ ಎರಡು ವರ್ಷದ ಎಂ.ಟೆಕ್. ಮಾಡಬಹುದು. ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಸಾರಿಗೆಯ ಸ್ನಾತಕೋತ್ತರ ಓದು ಇದೆ.

“ನಾವು ಕನ್ನಡ ಮಾಧ್ಯಮದವರು, ನಮ್ಮಿಂದಾಗುತ್ತಾ?” ಎಂದು ಕೇಳುತ್ತೀರಿ. ಆಗುತ್ತದೆ. ಈ ಓದಿನ ಅರ್ಹತೆಯಲ್ಲಿ ಶಾಲೆಯ ಮಾಧ್ಯಮದ ಮಾತೇ ಇಲ್ಲ. ಆದರೆ ಗೇಟ್ ಪರೀಕ್ಷೆ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಈಗಿನಿಂದಲೇ ನೋಟ್ ಪುಸ್ತಕದಲ್ಲಿ ‘ಘರ್ಷಣೆ’ಯ ಪಕ್ಕ ‘ಫ್ರಿಕ್ಷನ್’, ‘ವೇಗೋತ್ಕರ್ಷ’ದ ಪಕ್ಕ ‘ಆಕ್ಸಿಲರೇಷನ್’ ಎಂದು ಬರೆದಿಡಿ. ಅರ್ಥ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಪದ ಕಲಿಯುವುದು ದೊಡ್ಡ ವಿಷಯವಲ್ಲ.

ಮಾಡಿ ನೋಡಿ: ಶಿಕ್ಷಕರ ಜೊತೆ ಶಾಲೆಯ ಕಾಂಪೌಂಡಿನ ಒಳಗೇ ನಿಂತು, ಬೆಳಿಗ್ಗೆ 15 ನಿಮಿಷ, ಮಧ್ಯಾಹ್ನ 15 ನಿಮಿಷ ವಾಹನಗಳನ್ನು ಎಣಿಸಿ. ಬೈಕು, ಕಾರು, ಬಸ್ಸು, ಲಾರಿಗಳನ್ನು ಬೇರೆ ಬೇರೆ ಬರೆಯಿರಿ. ಒಂದೊಂದನ್ನೂ ನಾಲ್ಕರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಯಾವ ಹೊತ್ತಿನಲ್ಲಿ ರಸ್ತೆ ದಾಟುವುದು ಹೆಚ್ಚು ಅಪಾಯ? ಉತ್ತರವನ್ನು ತರಗತಿಯ ಗೋಡೆಗೆ ಅಂಟಿಸಿ. ಸಾರಿಗೆ ಎಂಜಿನಿಯರರ ಕೆಲಸವೂ ಇಂಥ ಎಣಿಕೆಯಿಂದಲೇ ಶುರುವಾಗುತ್ತದೆ.